ಒಂಬತ್ತಕ್ಕೆ ಮಲಗಿಸಿದರೂ ಮಗಳಿಗೆ ನಿದ್ದೆ ಬರುತ್ತಿಲ್ಲ

ಪ್ರಶ್ನೆ (ಕೋವಿಡ್ ಕಾಲದ್ದು): ಸಾಂಕ್ರಾಮಿಕದಿಂದಾಗಿ ಶಾಲೆ ಮುಚ್ಚಿದೆ. 9 ವರ್ಷದ ಮಗಳಿಗೆ ಆನ್‌ಲೈನ್ ಪಾಠ. ಮುಗಿದ ಮೇಲೂ ಮೊಬೈಲ್ ಬಿಡುವುದಿಲ್ಲ. ನಿದ್ದೆ ಹತ್ತುವಾಗ ರಾತ್ರಿ 12.30, ಏಳುವುದು ಬೆಳಿಗ್ಗೆ 9ಕ್ಕೆ. ಬೇಗ ಮಲಗಿಸಿದರೆ ‘ನಮಗೂ ಕಾಯಿಲೆ ಬರುತ್ತಾ?’ ಎಂದು ಅಳುತ್ತಾಳೆ. ಏನು ಮಾಡಲಿ?

ಉತ್ತರ: ಬೇಗ ಮಲಗಿಸುವ ಹಟವನ್ನು ಸದ್ಯಕ್ಕೆ ಬಿಡಿ. ಅವಳ ದೇಹಕ್ಕೆ ಈಗ ರಾತ್ರಿಯಾಗುವುದೇ ತಡವಾಗಿ. 9ಕ್ಕೆ ದೀಪ ಆರಿಸಿದರೆ ಮೂರು ಗಂಟೆಗೂ ಹೆಚ್ಚು ಹೊತ್ತು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಹೊರಳಾಡುತ್ತಾಳೆ. ಭಯ ಬೆಳೆಯುವುದು ಆಗಲೇ. ದಿನವೂ ಹೀಗಾದರೆ ಹಾಸಿಗೆ ಕಂಡರೇ ಕಳವಳ ಶುರುವಾಗುತ್ತದೆ.

ಮೊದಲು ಏಳುವ ಹೊತ್ತು ಸರಿಪಡಿಸಿ. ಎರಡು ದಿನಕ್ಕೊಮ್ಮೆ 15 ನಿಮಿಷ ಮುಂಚೆ ಎಬ್ಬಿಸುತ್ತ ಬಂದರೆ 16 ದಿನದಲ್ಲಿ 7 ಗಂಟೆಗೆ ಬರುತ್ತೀರಿ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಲಿ, ಬಾಲ್ಕನಿಯಾದರೂ ಸರಿ. ಸಂಜೆ ಬೇಗ ನಿದ್ದೆ ಬರಿಸುವುದು ಈ ಬೆಳಕೇ. ಮಲಗುವ ಹೊತ್ತನ್ನೂ ಅದೇ ಲೆಕ್ಕದಲ್ಲಿ ಬೇಗ ಮಾಡುತ್ತ ಬಂದರೆ 16 ದಿನದಲ್ಲಿ 10.30 ಆಗುತ್ತದೆ. ಆಮೇಲೆ ಮಲಗುವ ಹೊತ್ತನ್ನಷ್ಟೇ ಇನ್ನೂ 8 ದಿನ ಹೀಗೆ ಮುಂದುವರಿಸಿದರೆ 9.30 ಆಗುತ್ತದೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹೆಚ್ಚಿನವರು ಎಡವುವುದು ಭಾನುವಾರ: ‘ಇವತ್ತೊಂದಿನ ಮಲಗಲಿ’ ಎಂದು ಹತ್ತರವರೆಗೆ ಬಿಟ್ಟರೆ ವಾರದ ಶ್ರಮ ಹಾಳು. ಹಗಲು ನಿದ್ದೆಯೂ ಬೇಡ.

ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬಂದ್. ಬೆಳಗಿನ ಬೆಳಕಿನಂತಲ್ಲ, ಮಲಗುವ ಮುನ್ನ ಕಣ್ಣಿಗೆ ಬೀಳುವ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ, ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚು. ನೈಟ್ ಮೋಡ್ ಹಾಕಿದರೆ ಸಾಲದು. ಆಟ, ವಿಡಿಯೊಗಳ ಉದ್ವೇಗ ಹಾಗೇ ಉಳಿಯುತ್ತದೆ. ಒಂದು ವಿಡಿಯೊ ಮುಗಿದೊಡನೆ ತಾನಾಗಿ ಇನ್ನೊಂದು ಶುರುವಾಗುವ ಆಟೊಪ್ಲೇ ತೆಗೆಯಿರಿ. ಮೊಬೈಲ್ ಕಿತ್ತುಕೊಳ್ಳಬೇಡಿ, ‘ಈ ಆಟ ಮುಗಿದ ಮೇಲೆ’ ಎಂದು ಮೊದಲೇ ಹೇಳಿ. ನಿಮ್ಮದೂ ಸೇರಿ ಎಲ್ಲರ ಮೊಬೈಲೂ ಹಾಲ್‌ನಲ್ಲೇ ಚಾರ್ಜ್ ಆಗಲಿ. ಆದರೆ ಗೆಳತಿಯರ ವಿಡಿಯೊ ಕಾಲ್ ನಿಲ್ಲಿಸಬೇಡಿ, ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಶಾಲೆಯಿಲ್ಲದ ಮಗುವಿಗೆ ಉಳಿದಿರುವ ಒಡನಾಟ ಅದೊಂದೇ.

ಅವಳ ಪ್ರಶ್ನೆಗೆ ‘ಏನೂ ಆಗಲ್ಲ’ ಎನ್ನಬೇಡಿ. ನಾಳೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನಿಮ್ಮ ಮಾತನ್ನೇ ನಂಬಲಾರಳು. ‘ಬರಬಹುದು ಪುಟ್ಟಿ. ಬರದಿರಲಿ ಅಂತಲೇ ಮಾಸ್ಕ್ ಹಾಕ್ತೀವಿ. ನಾವು ಆಸ್ಪತ್ರೆಗೆ ಹೋಗಬೇಕಾದರೆ ನಿನ್ನ ಜೊತೆ ಯಾರಿರಬೇಕು ಅಂತ ಗೊತ್ತುಮಾಡಿದ್ದೀವಿ’ ಎನ್ನಿ, ಹಾಗೇ ಗೊತ್ತುಮಾಡಿಯೂ ಇಡಿ. ಈ ಮಾತಿಗೆ ಸಂಜೆ 6ರ ಸುಮಾರಿಗೆ 15 ನಿಮಿಷ ಮೀಸಲಿಡಿ. ರಾತ್ರಿ ಕೇಳಿದರೆ ಒಂದೇ ವಾಕ್ಯದಲ್ಲಿ ಸಮಾಧಾನ ಹೇಳಿ, ಉಳಿದದ್ದು ನಾಳೆ ಸಂಜೆಗೆ.

ನಿದ್ರೆಯ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ಎರಡು ವಾರ ಮಂಕಾಗಿದ್ದರೆ, ಊಟ ಬಿಟ್ಟರೆ, ಇಷ್ಟದ ಆಟವೂ ಬೇಡವೆಂದರೆ ಮಕ್ಕಳ ವೈದ್ಯರನ್ನು ಕಾಣಿ. ‘ನಾನು ಇರಬಾರದಿತ್ತು’ ಎಂಬಂಥ ಮಾತು ಬಂದರೆ ಅದೇ ದಿನ ಹೊರಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ.