ಮುದ್ದೆ, ಸೊಪ್ಪು ತಿಂದರೂ ರಕ್ತ ಏರುತ್ತಿಲ್ಲ, ಯಾಕೆ?

ಪ್ರಶ್ನೆ: ನಾನೀಗ ಐದು ತಿಂಗಳ ಗರ್ಭಿಣಿ. ಹಿಮೋಗ್ಲೋಬಿನ್ 9.4 ಇದೆ. ದಿನಾ ರಾಗಿ ಮುದ್ದೆ, ಬಸ್ಸಾರು ಉಣ್ಣುತ್ತೇನೆ. ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನಲ್ಲ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ತಿಂಡಿ ಆದ ಮೇಲೆ ಕಾಫಿ ಕುಡಿಯುವಾಗ ನುಂಗುತ್ತೇನೆ. ಮಗು ದಪ್ಪಗಾದರೆ ಹೆರಿಗೆ ಕಷ್ಟ, ರಾತ್ರಿ ಕಮ್ಮಿ ಉಣ್ಣು ಅಂತಾರೆ ನಮ್ಮ ಅತ್ತೆ. ಏನು ಮಾಡಲಿ?

ಉತ್ತರ: ಮೊದಲು ಮಾತ್ರೆಯ ಹೊತ್ತು ಬದಲಿಸಿ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಕರುಳಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೆಳಗಿನ ತಿಂಡಿ, ಮಧ್ಯಾಹ್ನದ ಊಟದ ಜೊತೆ ತಗೊಳ್ಳಿ. ಕಬ್ಬಿಣಾಂಶದ ಮಾತ್ರೆಯನ್ನು ರಾತ್ರಿ ಊಟವಾಗಿ ಒಂದೆರಡು ಗಂಟೆ ಬಿಟ್ಟು ನಿಂಬೆಹಣ್ಣಿನ ನೀರಲ್ಲಿ ನುಂಗಿ. ಎರಡರ ನಡುವೆ ಕನಿಷ್ಠ 2 ಗಂಟೆ ಅಂತರವಿರಲಿ. ಹೊಟ್ಟೆ ತೊಳಸಿದರೆ ಊಟ ಆದ ಕೂಡಲೇ ತಗೊಳ್ಳಿ, ನಿಲ್ಲಿಸಬೇಡಿ. ಮಲ ಕಪ್ಪಗಾಗುವುದು ಸಹಜ. 9.4 ಇದ್ದಾಗ ಸಾಮಾನ್ಯವಾಗಿ ದಿನಕ್ಕೆ ಎರಡು ಮಾತ್ರೆ ಕೊಡುತ್ತಾರೆ, ನಿಮ್ಮ ವೈದ್ಯರನ್ನು ಕೇಳಿ.

ಇನ್ನು ಊಟ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, 100 ಗ್ರಾಂ ಹಿಟ್ಟಿಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣ ಮಾತ್ರ 4–5 ಮಿಲಿಗ್ರಾಂ ಅಷ್ಟೇ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪ. ಗರ್ಭಿಣಿಗೆ ದಿನಕ್ಕೆ ಬೇಕಾದದ್ದು 27 ಮಿಲಿಗ್ರಾಂ. ಹಾಗಾಗಿ ಮುದ್ದೆ ಬಿಡಬೇಡಿ, ಆದರೆ ರಕ್ತಕ್ಕೆ ಅದೊಂದನ್ನೇ ನಂಬಬೇಡಿ.

ಬಸ್ಸಾರಿನಲ್ಲಿ ಒಂದು ವಿಷಯ ಗಮನಿಸಿ. ಬೇಳೆ, ಸೊಪ್ಪು ಬೇಯಿಸಿ ಬಸಿದಾಗ ಕಟ್ಟು ಸಾರಾಗುತ್ತದೆ, ಗಟ್ಟಿ ಪಲ್ಯವಾಗುತ್ತದೆ. ಪ್ರೋಟೀನ್ ಹೆಚ್ಚಿನದೆಲ್ಲ ಆ ಪಲ್ಯದಲ್ಲೇ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯ ಒಂದು ಚಮಚ ಹಾಕಿಸಿಕೊಂಡರೆ ಏನೂ ಸಿಕ್ಕಂತಾಗಲಿಲ್ಲ. ಒಂದು ಬಟ್ಟಲು ಪಲ್ಯ ಹಾಕಿಸಿಕೊಳ್ಳಿ, ಮೇಲೆ ನಿಂಬೆ ಹಿಂಡಿ. ಹುರುಳಿ, ಹೆಸರುಕಾಳು ಮೊಳಕೆ ಬರಿಸಿ ಬೇಯಿಸಿ. ದಿನಕ್ಕೊಂದು ಮೊಟ್ಟೆ ಇರಲಿ, ಅದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಈಗ ನಿಮಗೆ ದಿನಕ್ಕೆ ಮೊದಲಿಗಿಂತ ಸುಮಾರು 10 ಗ್ರಾಂ ಪ್ರೋಟೀನ್ ಹೆಚ್ಚು ಬೇಕು, ಏಳನೇ ತಿಂಗಳಿಂದ 22 ಗ್ರಾಂ. ಸೀಬೆಹಣ್ಣು, ನೆಲ್ಲಿಕಾಯಿ ಸಿಕ್ಕಾಗ ಬಿಡಬೇಡಿ. ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಸಿಗುವ ಊಟವೂ ನಿಮ್ಮ ಹಕ್ಕು, ಹೆಸರು ಬರೆಸಿ.

ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಊಟ ಕಡಿಮೆ ಮಾಡಿದರೆ ಮಗು ತೂಕ ಕಡಿಮೆಯಾಗಿ ಹುಟ್ಟಬಹುದು, ನೀವೂ ಸೊರಗುತ್ತೀರಿ. ಮಗು ಮಿತಿಮೀರಿ ಬೆಳೆಯಲು ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಒಂದು ದೊಡ್ಡ ಕಾರಣ. 24ರಿಂದ 28ನೇ ವಾರದೊಳಗೆ ಶುಗರ್ ಪರೀಕ್ಷೆ ಮಾಡಿಸಿ, ಅತ್ತೆಯವರಿಗೂ ಸಮಾಧಾನವಾಗುತ್ತದೆ. ನಿಮಗೆ ದಿನಕ್ಕೆ ಹೆಚ್ಚುವರಿ ಬೇಕಾದದ್ದು ಸುಮಾರು 350 ಕ್ಯಾಲೊರಿ: ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ. ರಾತ್ರಿ ಹೊಟ್ಟೆ ಭಾರ ಅನಿಸಿದರೆ ಬೇಗ ಉಣ್ಣಿ, ಕಮ್ಮಿ ಉಣ್ಣಬೇಡಿ.

ಒಂದು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. 1 ಗ್ರಾಂ ಕೂಡ ಏರದಿದ್ದರೆ ಜಂತುಹುಳು, ವಿಟಮಿನ್ ಬಿ12 ಕೊರತೆ, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ಇದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ. ಕೂತಲ್ಲೇ ಏದುಸಿರು, ಎದೆ ಡವಗುಟ್ಟುವುದು ಕಂಡರೆ ಅಲ್ಲಿಯವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.