ಚಿಗುರಿದ ಗೆಲ್ಲು ಬಾಡುವುದೇಕೆ?

ಪ್ರಶ್ನೆ: ಪ್ರತಿ ವರ್ಷ ಆಟಿ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ) ಮಳೆಯಲ್ಲಿ ದಾಸವಾಳ, ಮಲ್ಲಿಗೆ ಮತ್ತು ಗುಲಾಬಿಯ ಗೆಲ್ಲುಗಳನ್ನು ತೊಟ್ಟೆಗಳಲ್ಲಿ ಊರುತ್ತೇನೆ. ಸುಡುಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ತುಂಬಿರುತ್ತೇನೆ. ಎರಡು ವಾರಗಳೊಳಗೆ ಚಂದದ ಚಿಗುರು ಬರುತ್ತದೆ, ಆಮೇಲೆ ಒಂದು ದಿನ ಎಲ್ಲವೂ ಜೋತುಬೀಳುತ್ತವೆ. ಕಿತ್ತು ನೋಡಿದರೆ ಬುಡ ಕಪ್ಪಾಗಿರುತ್ತದೆ. ನನ್ನ ತಪ್ಪು ಎಲ್ಲಿ?
– ಓದುಗರು, ಬದಿಯಡ್ಕ ಸಮೀಪ

ಉತ್ತರ: ಚಿಗುರು ಬಂದಿತೆಂದರೆ ಬೇರು ಬಂದಿದೆ ಎಂದು ನೀವು ಭಾವಿಸಿದ್ದೀರಿ, ಬಹುತೇಕ ಎಲ್ಲರೂ ಹಾಗೆಯೇ ಭಾವಿಸುತ್ತಾರೆ. ಕತ್ತರಿಸಿದ ಗೆಲ್ಲಿನೊಳಗೆ ಶೇಖರವಾಗಿರುವ ಪಿಷ್ಟ ಮತ್ತು ನೀರಿನ ಬಲದಿಂದಲೇ ಮೊಗ್ಗುಗಳು ಒಡೆದು ಎಲೆ ಬಿಡಬಲ್ಲವು, ಅದಕ್ಕೆ ಬೇರಿನ ಅಗತ್ಯವಿಲ್ಲ. ಆ ದಾಸ್ತಾನು ಮುಗಿಯುವುದರೊಳಗೆ ಬುಡದಲ್ಲಿ ಬೇರು ಮೂಡಿದರೆ ಗಿಡ ಉಳಿಯುತ್ತದೆ, ಇಲ್ಲವಾದರೆ ನೀವು ಕಂಡಂತೆ ಜೋತುಬೀಳುತ್ತದೆ. ಆದುದರಿಂದ ನಮ್ಮ ಪ್ರಯತ್ನವೆಲ್ಲ ಚಿಗುರನ್ನು ತಡೆದು ಬೇರನ್ನು ಮುಂದೆ ತರುವುದಕ್ಕಾಗಿ ಇರಬೇಕು.

ಬುಡ ಕಪ್ಪಾಗುವುದಕ್ಕೆ ಕಾರಣ ಕೊಳೆ. ಬೇರಿಲ್ಲದ ಗೆಲ್ಲಿಗೆ ಗೊಬ್ಬರವನ್ನು ಬಳಸಿಕೊಳ್ಳುವ ಶಕ್ತಿ ಇರುವುದಿಲ್ಲ. ಹಸಿ ಗಾಯದ ಸುತ್ತ ಇರುವ ಹಟ್ಟಿಗೊಬ್ಬರದಿಂದ ಶಿಲೀಂಧ್ರಗಳಿಗೆ ಮಾತ್ರ ಅನುಕೂಲ. ಅದಕ್ಕೆ ಕಾಸರಗೋಡಿನ ಮಳೆಯನ್ನೂ ಸೇರಿಸಿ ನೋಡಿ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಸುರಿಯುವ ಈ ಜಿಲ್ಲೆಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಬಯಲಿನಲ್ಲಿಟ್ಟ ತೊಟ್ಟೆಯ ಮಣ್ಣು ಒಮ್ಮೆಯೂ ಆರುವುದಿಲ್ಲ. ಬೇರು ಹುಟ್ಟಬೇಕಾದ ಜಾಗಕ್ಕೆ ತೇವದಷ್ಟೇ ಗಾಳಿಯೂ ಬೇಕು. ಆಟಿಯಲ್ಲಿ ಊರಿದ ಕೋಲೆಲ್ಲ ಬದುಕುತ್ತದೆ ಎಂಬ ಹಿರಿಯರ ಮಾತು ಬೇಲಿಗೆ ನೆಡುವ ದಪ್ಪ ಗ್ಲಿರಿಸಿಡಿಯಾ ಗೂಟಗಳ ಮಟ್ಟಿಗೆ ಸರಿ. ಪೆನ್ಸಿಲಿನಷ್ಟು ದಪ್ಪದ ದಾಸವಾಳದ ಗೆಲ್ಲಿಗೆ ಅದನ್ನು ಅನ್ವಯಿಸಬಾರದು.

ಮುಂದಿನ ಸಲ ಮಳೆಯ ಅಬ್ಬರ ತಗ್ಗಿದ ಮೇಲೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಆರಂಭಿಸಿ. ಅದಕ್ಕೆ ಮೊದಲೇ ಮಾಡಲೇಬೇಕೆಂದಿದ್ದರೆ ತೊಟ್ಟೆಗಳನ್ನು ಮಾಡಿನಡಿಗೆ, ಬೆಳಕು ಬೀಳುವ ಜಗಲಿಯ ಅಂಚಿಗೆ ತನ್ನಿರಿ. ತೊಳೆದ ಹೊಳೆ ಹೊಯಿಗೆ ಮತ್ತು ಚೆನ್ನಾಗಿ ತೊಳೆದ ತೆಂಗಿನ ನಾರಿನ ಹುಡಿಯನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿದರೆ ಸಾಕು. ಕಡಲ ಕರೆಯ ಹೊಯಿಗೆಯಲ್ಲಿ ಉಪ್ಪಿರುವುದರಿಂದ ಅದು ಬೇಡ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಜಿನುಗಬೇಕು. ನೀರು ಧಾರೆಯಾಗಿ ಇಳಿದರೆ ಅದು ಹೆಚ್ಚು ಒದ್ದೆಯಾಗಿದೆ ಎಂದರ್ಥ.

ಗೆಲ್ಲಿನ ಆಯ್ಕೆಯಲ್ಲಿ ಅವಸರ ಸಲ್ಲದು. ಹಸುರು ಎಳೆತುದಿ ಕೊಳೆಯುತ್ತದೆ, ತೊಗಟೆ ಬಿರುಸಾದ ಹಳೆಯ ಕೊಂಬೆ ಬೇರು ಬಿಡಲು ತೀರಾ ತಡಮಾಡುತ್ತದೆ. ಇವೆರಡರ ನಡುವಿನ, ಬಾಗಿಸಿದರೆ ಬಳುಕಿಯೂ ಬಿಗಿಯಾಗಿರುವ ಭಾಗವನ್ನು ಬೆಳಗಿನ ಹೊತ್ತು 15ರಿಂದ 20 ಸೆಂ.ಮೀ. ಉದ್ದಕ್ಕೆ ಹರಿತವಾದ ಚೂರಿಯಿಂದ ಕತ್ತರಿಸಿ. ಕೆಳಗಿನ ಕಡಿತ ಎಲೆ ಮೂಡುವ ಗಂಟಿನ ಕೆಳಗೇ ಇರಲಿ, ಏಕೆಂದರೆ ಹೆಚ್ಚಿನ ಗಿಡಗಳಲ್ಲಿ ಹೊಸ ಬೇರು ಗಂಟಿನ ಆಸುಪಾಸಿನಲ್ಲಿಯೇ ಸುಲಭವಾಗಿ ಮೂಡುತ್ತದೆ. ಹೂಮೊಗ್ಗುಗಳನ್ನು ನಿರ್ದಾಕ್ಷಿಣ್ಯವಾಗಿ ಚಿವುಟಿ, ತುದಿಯ ಎರಡು ಎಲೆಗಳನ್ನು ಮಾತ್ರ ಉಳಿಸಿ, ಅವುಗಳನ್ನೂ ಅರ್ಧಕ್ಕೆ ಕತ್ತರಿಸಿರಿ. ಎಲೆ ಪೂರ್ತಿ ಇದ್ದರೆ ನೀರು ಆವಿಯಾಗಿ ಹೋಗುತ್ತದೆ. ಒಂದೂ ಇಲ್ಲದಿದ್ದರೆ ಬೇರಿಗೆ ಬೇಕಾದ ಆಹಾರ ಮತ್ತು ಪ್ರಚೋದಕಗಳ ಪೂರೈಕೆ ಕುಂಠಿತವಾಗುತ್ತದೆ. ಇಂಡೋಲ್ ಬ್ಯುಟಿರಿಕ್ ಆಮ್ಲವೆಂಬ ಬೇರಿನ ಪ್ರಚೋದಕವಿರುವ ಹುಡಿ ಗೊಬ್ಬರದಂಗಡಿಗಳಲ್ಲಿ ಸಿಗುತ್ತದೆ. ದಾಸವಾಳಕ್ಕೆ ಅದು ಸಹಾಯಕ, ಆದರೆ ಅನಿವಾರ್ಯವಲ್ಲ. ಹಚ್ಚುವುದಾದರೆ ಬುಡಕ್ಕೆ ತೆಳುವಾಗಿ ಹಚ್ಚಿ, ಏಕೆಂದರೆ ಅತಿಯಾದರೆ ಅದೇ ಬೇರನ್ನು ತಡೆಯುತ್ತದೆ.

ಊರಿದ ಬಳಿಕ ತೊಟ್ಟೆಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ, ನೇರ ಬಿಸಿಲು ತಾಗದಲ್ಲಿ ಇರಿಸಿ. ಮೇಲೆ ಆರ್ದ್ರ ಗಾಳಿ, ಕೆಳಗೆ ಹಗುರವಾದ ತೇವ, ಇಷ್ಟೇ ಬೇಕಾದದ್ದು. ದಿನಕ್ಕೊಮ್ಮೆ ಹೊದಿಕೆ ಸರಿಸಿ ಗಾಳಿ ಆಡಿಸಿರಿ. ಬೇರು ಬಂದಿದೆಯೇ ಎಂದು ಕಿತ್ತು ನೋಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆಗ ತಾನೇ ಮೂಡಿದ ಬಿಳಿ ಬೇರು ಮುಟ್ಟಿದರೆ ಮುರಿಯುವಷ್ಟು ನಾಜೂಕು. ನಾಲ್ಕು ವಾರಗಳ ಬಳಿಕ ಗೆಲ್ಲನ್ನು ಎರಡು ಬೆರಳುಗಳಿಂದ ಹಗುರವಾಗಿ ಮೇಲಕ್ಕೆಳೆಯಿರಿ, ಅದು ಮಣ್ಣನ್ನು ಹಿಡಿದುಕೊಂಡಿದ್ದರೆ ಬೇರಿದೆ. ಗೊಬ್ಬರದ ಮಣ್ಣಿಗೆ ಬದಲಾಯಿಸುವುದು ಅದಾದ ಮೇಲೆ.

ಮಲ್ಲಿಗೆಗೂ ಇದೇ ಕ್ರಮ ಸಾಕಾಗುತ್ತದೆ. ಗುಲಾಬಿಯ ವಿಷಯ ಬೇರೆ. ನರ್ಸರಿಯಿಂದ ತರುವ ದೊಡ್ಡ ಹೂವಿನ ತಳಿಗಳು ಸಾಮಾನ್ಯವಾಗಿ ಇನ್ನೊಂದು ಗುಲಾಬಿಯ ಬೇರಿನ ಮೇಲೆ ಕಣ್ಣುಕಸಿ ಮಾಡಿದವು. ಅವುಗಳ ಗೆಲ್ಲು ಬೇರು ಬಿಟ್ಟರೂ ಸ್ವಂತ ಬೇರಿನ ಮೇಲೆ ಹಲವು ಸಲ ಸೊರಗುತ್ತವೆ. ಗೆಲ್ಲಿನಿಂದಲೇ ಗುಲಾಬಿ ಬೇಕೆಂದಾದರೆ ಪನ್ನೀರು ಗುಲಾಬಿಯನ್ನು ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಪ್ರಶ್ನೆ: ಕುಂಡದಲ್ಲಿ ಪೊದೆಮೆಣಸು ಬೆಳೆಸಲು ಕಾಳುಮೆಣಸಿನ ಬಳ್ಳಿಯ ಬುಡದಿಂದ ಹರಿದ ಹಬ್ಬು ತಂದು ನೆಟ್ಟೆ. ಅದು ಪೊದೆಯಾಗದೆ ಗೋಡೆ ಹತ್ತುತ್ತಿದೆ.
– ಓದುಗರು, ಮಂಜೇಶ್ವರ

ಉತ್ತರ: ನೀವು ನೆಟ್ಟ ಗೆಲ್ಲಿನ ಸ್ವಭಾವವೇ ಹತ್ತುವುದು. ಮೆಣಸಿನ ಬಳ್ಳಿಯಲ್ಲಿ ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬು ಬೇರೆ, ಮೇಲಿನಿಂದ ಪಕ್ಕಕ್ಕೆ ಚಾಚಿ ಕಾಯಿ ಬಿಡುವ ಅಡ್ಡ ಗೆಲ್ಲು ಬೇರೆ, ಮತ್ತು ಬೇರು ಬಿಟ್ಟ ಬಳಿಕವೂ ಪ್ರತಿಯೊಂದೂ ತನ್ನ ಹಳೆಯ ನಡತೆಯನ್ನೇ ಮುಂದುವರಿಸುತ್ತದೆ. ತೋಟದಲ್ಲಿ ಮರಕ್ಕೆ ಹಬ್ಬಿಸುವ ಬಳ್ಳಿಗೆ ಹಬ್ಬು ಬೇಕು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಅದನ್ನು ಕತ್ತರಿಸಿ ಎರಡು ಮೂರು ಗಂಟುಗಳ ತುಂಡುಗಳನ್ನು ತೊಟ್ಟೆಗೆ ಹಾಕಿದರೆ ಮುಂಗಾರಿನ ಹೊತ್ತಿಗೆ ನೆಡಲು ಸಿದ್ಧವಾಗುತ್ತವೆ. ಪೊದೆಮೆಣಸಿಗೆ ಮಾತ್ರ ಒಂದು ವರ್ಷ ಬಲಿತ ಅಡ್ಡ ಗೆಲ್ಲಿನ, ಮೂರರಿಂದ ಐದು ಗಂಟುಗಳಿರುವ ತುಂಡೇ ಆಗಬೇಕು.

ಅಡ್ಡ ಗೆಲ್ಲು ಹಬ್ಬಿನಷ್ಟು ಸುಲಭವಾಗಿ ಬೇರು ಬಿಡುವುದಿಲ್ಲ. ಇಲ್ಲಿ ಬೇರಿನ ಪ್ರಚೋದಕವನ್ನು ಬಿಡಬೇಡಿ, ಮತ್ತು ನಾಲ್ಕು ಗಿಡ ಬೇಕಿದ್ದರೆ ಹತ್ತು ಹನ್ನೆರಡು ತುಂಡುಗಳನ್ನು ಊರಿರಿ. ಸೊರಗು ರೋಗ ಕಂಡ ಬಳ್ಳಿಯಿಂದಾಗಲಿ, ಅದರ ಪಕ್ಕದ ಬಳ್ಳಿಯಿಂದಾಗಲಿ, ಎಷ್ಟೇ ಒಳ್ಳೆಯ ತಳಿಯಾದರೂ, ಗೆಲ್ಲು ತರಬೇಡಿ. ರೋಗವೂ ತೊಟ್ಟೆಯೊಂದಿಗೆ ಅಂಗಳಕ್ಕೆ ಬರುತ್ತದೆ. ಗೋಡೆ ಹತ್ತಿದ ಈಗಿನ ಬಳ್ಳಿಯನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಮಳೆಗಾಲದ ಆರಂಭದಲ್ಲಿ ಹತ್ತಿರದ ತೆಂಗಿನ ಅಥವಾ ಅಡಿಕೆಯ ಮರದ ಬುಡದಲ್ಲಿ, ಬಿಸಿಲು ನೇರ ಬೀಳದ ಬದಿಗೆ ನೆಡಬಹುದು.

ಪ್ರಶ್ನೆ: ಬಾಟಲಿಯ ನೀರಿನಲ್ಲಿ ಬೇರು ಬರಿಸಿದ ಗೆಲ್ಲು ಮಣ್ಣಿಗೆ ಹಾಕಿದ ಕೂಡಲೇ ಬಾಡುತ್ತದೆ, ಏಕೆ?
– ಓದುಗರು, ಕುಂಬಳೆ

ಉತ್ತರ: ನೀರಿನಲ್ಲಿ ಮೂಡಿದ ಬೇರು ಮಣ್ಣಿನ ಕಣಗಳ ನಡುವಿನಿಂದ ನೀರು ಹೀರಲು ಅಷ್ಟಾಗಿ ಹೊಂದಿಕೊಂಡಿರುವುದಿಲ್ಲ. ಬೇರು ಉದ್ದವಾಗುವವರೆಗೆ ಕಾಯದೆ, ಎರಡು ಮೂರು ಸೆಂ.ಮೀ. ಆದೊಡನೆ ಹೊಯಿಗೆ ಮತ್ತು ನಾರಿನ ಹುಡಿಯ ಮಿಶ್ರಣಕ್ಕೆ ಬದಲಾಯಿಸಿ, ಒಂದು ವಾರ ನೆರಳಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ನಿಧಾನವಾಗಿ ಹೊರಗಿನ ಗಾಳಿಗೆ ಒಗ್ಗಿಸಿರಿ.