ದಯವಿಟ್ಟು ಹಿಂದಿನ ಸಾಲಿನಲ್ಲಿ ನಿಂತು ಮದುವೆಯ ಚಿತ್ರ ತೆಗೆಯಬೇಡಿ

ಬೇಲೂರು ರಸ್ತೆಯ ಕಲ್ಯಾಣ ಮಂಟಪದಲ್ಲಿ ಸ್ನೇಹಿತನ ಮದುವೆ, ಯಾರ ಗಮನಕ್ಕೂ ಬಾರದೆ ಸಹಜ ಚಿತ್ರಗಳನ್ನೇ ತೆಗೆಯಬೇಕು, ಅದಕ್ಕಾಗಿ ದೂರದಿಂದ ತೆಗೆಯುವ 70-200 ಮಿ.ಮೀ. ಲೆನ್ಸ್ ಬಾಡಿಗೆಗೆ ತಂದು, ಸೈಲೆಂಟ್ ಶಟರ್ ಹಾಕಿ, ಕಪ್ಪು ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ ಎಂದು ಬರೆದಿದ್ದೀರಿ. ನಾಲ್ಕೂ ತಪ್ಪು. ಈ ನಾಲ್ಕನ್ನೂ ನಾನು ಒಂದೇ ಮದುವೆಯಲ್ಲಿ ಮಾಡಿದ್ದೇನೆ.

ಸಕಲೇಶಪುರದ ಕಡೆಯ ಮದುವೆ ಅದು. ಅಂತರಪಟ ಹಿಡಿಯುವವರೆಗೆ ಎಲ್ಲವೂ ಚೆನ್ನಾಗಿತ್ತು. ಪಟ ಸರಿಯಿತು, ಜೀರಿಗೆ ಬೆಲ್ಲ ಆಯಿತು, ಮಾಂಗಲ್ಯ ವರನ ಕೈಗೆ ಬಂತು, ಪುರೋಹಿತರು ಕೈಯೆತ್ತಿದ್ದೇ ತಡ ಗಟ್ಟಿಮೇಳ. ಅಕ್ಷತೆ ಹಿಡಿದು ಕೂತಿದ್ದ ಇಡೀ ಸಭೆ ಎದ್ದು ಮುಂದಕ್ಕೆ ನುಗ್ಗಿತು. 200 ಮಿ.ಮೀ.ನಲ್ಲಿ ನನಗೆ ಕಂಡದ್ದು ಬೆನ್ನುಗಳು, ಎತ್ತಿದ ಕೈಗಳು, ಮೊಬೈಲ್‌ಗಳು. ಸಂದಿಯಲ್ಲಿ ವಧುವಿನ ಮುಖ ಸಿಕ್ಕ ನಾಲ್ಕು ಚಿತ್ರಗಳಿದ್ದವು. ನಾಲ್ಕರಲ್ಲೂ ಹಣೆಯಿಂದ ಗಲ್ಲದವರೆಗೆ ಅಡ್ಡಡ್ಡ ಕಪ್ಪು ಪಟ್ಟೆ. ತಾಳಿ ಕಟ್ಟಿದ ಚಿತ್ರವೇ ಇಲ್ಲ ಎಂದು ಹುಡುಗಿಯ ತಂದೆಯ ಮುಂದೆ ನಿಂತು ಹೇಳಬೇಕಾಯಿತು. ಅವರು ಬೈಯಲಿಲ್ಲ, ಸುಮ್ಮನೆ ಒಳಗೆ ಹೋದರು. ನಿಮಗೆ ಆ ದಿನ ಬರಬಾರದು ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಪಟ್ಟೆಯ ವಿಷಯ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ದೀಪದ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಸೈಲೆಂಟ್ ಶಟರ್ ಎಂದರೆ ಎಲೆಕ್ಟ್ರಾನಿಕ್ ಶಟರ್, ಅದು ಸೆನ್ಸರನ್ನು ಸಾಲುಸಾಲಾಗಿ ಓದುತ್ತದೆ; ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬೆಳಕು ಹಲವು ಸಲ ಬದಲಾಗಿರುತ್ತದೆ. ಆದ್ದರಿಂದ ವೇದಿಕೆಯ ಎಲ್‌ಇಡಿ ಕೆಳಗೆ ಮೆಕ್ಯಾನಿಕಲ್ ಶಟರ್, ವೇಗ 1/100 ಸೆಕೆಂಡು. ಕ್ಯಾಮೆರಾದಲ್ಲಿ ಮಿಣುಕು ತಪ್ಪಿಸುವ ಆಂಟಿ ಫ್ಲಿಕರ್ ಸೌಲಭ್ಯ ಇದ್ದರೆ ಹಾಕಿಕೊಳ್ಳಿ. ನಿಕಾನ್ ಝಡ್9 ತರಹದ ವೇಗದ ಸೆನ್ಸರ್ ಇದ್ದವರಿಗೆ ತೊಂದರೆ ಕಡಿಮೆ, ಆದರೆ ನಮ್ಮಲ್ಲಿ ಎಷ್ಟು ಮಂದಿಯ ಹತ್ತಿರ ಅದಿದೆ? ಹಿನ್ನೆಲೆಗೆ ಎಲ್‌ಇಡಿ ಪರದೆ ಹಾಕಿದ್ದರೆ ಅದರ ಮಿಣುಕು ಬೇರೆ ಲೆಕ್ಕದ್ದು, 1/100 ಅಲ್ಲಿ ಕೆಲಸ ಮಾಡದೆ ಇರಬಹುದು. ಜನರೇಟರ್ ಮೇಲೆ ನಡೆಯುವಾಗ 50 ಹರ್ಟ್ಸ್ ಕೂಡ ಅಲುಗಾಡುತ್ತದೆ. ಹಿಂದಿನ ರಾತ್ರಿ ಆರತಕ್ಷತೆಯಲ್ಲೇ ತೆಗೆದು, ದೊಡ್ಡದು ಮಾಡಿ ನೋಡಿಕೊಳ್ಳಿ.

ಅಷ್ಟಕ್ಕೂ ಆ ಹೊತ್ತಿನಲ್ಲಿ ನಿಶ್ಶಬ್ದ ಯಾರಿಗೆ ಬೇಕು? ಡೋಲಿನ ಮುಂದೆ ನಿಮ್ಮ ಶಟರ್ ಯಾರಿಗೂ ಕೇಳಿಸುವುದಿಲ್ಲ. ಮೌನ ಬೇಕಾದದ್ದು ಮುಂಜಾನೆಯ ನಾಂದಿಯಲ್ಲಿ, ವಧುವಿನ ಕೋಣೆಯಲ್ಲಿ, ಹೆಣ್ಣು ಒಪ್ಪಿಸುವಾಗ. ಕಿಟಕಿಯ ಬೆಳಕಿದ್ದರೆ ಅಲ್ಲಿ ಸೈಲೆಂಟ್ ಶಟರ್ ಹಾಕಿ, ಪಟ್ಟೆಯ ಭಯವಿಲ್ಲ. ಫೋಕಸ್‌ಗೆಂದು ಹೊತ್ತಿಕೊಳ್ಳುವ ಕೆಂಪು ದೀಪವನ್ನು, ಬೀಪ್ ಸದ್ದನ್ನು ಮೊದಲೇ ಆರಿಸಿಬಿಡಿ. ಅಳುತ್ತಿರುವ ತಾಯಿಯ ಮುಖಕ್ಕೆ ಆ ದೀಪ ಬಿತ್ತೆಂದರೆ ಚಿತ್ರವೂ ಹೋಯಿತು, ಮರ್ಯಾದೆಯೂ ಹೋಯಿತು.

ಕಪ್ಪು ಅಂಗಿ ಬೇಡವೇ ಬೇಡ. ಅದು ಹೊರದೇಶದವರ ಸಲಹೆ. ನಮ್ಮ ಮದುವೆಯಲ್ಲಿ ಕಪ್ಪು ತೊಟ್ಟವನೇ ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುತ್ತಾನೆ, ಅಜ್ಜಿಯರು ಮುಖ ಸಿಂಡರಿಸುತ್ತಾರೆ. ಬಿಳಿ ಅಂಗಿ, ಪಂಚೆ ಅಥವಾ ತಿಳಿ ಬಣ್ಣದ ಪ್ಯಾಂಟು. ಮಂಟಪ ಹತ್ತುವ ಮೊದಲು ಚಪ್ಪಲಿ ಬಿಡಿ.

ಗಮನಕ್ಕೆ ಬಾರದಿರುವುದೆಂದರೆ ದೂರ ನಿಲ್ಲುವುದಲ್ಲ, ಮನೆಯವರಿಗೆ ರೂಢಿಯಾಗುವುದು. ನೀವು ಹೆಸರಿಸಿದ ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ ಬ್ರೆಸೋನ್ ತಮ್ಮ ಲೈಕಾ ಕ್ಯಾಮೆರಾದ ಹೊಳಪಿಗೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು ನಿಜ, ಆದರೆ ಬಹುಪಾಲು ತೆಗೆದದ್ದು ಹತ್ತಿರ ನಿಂತೇ ತೆಗೆಯಬೇಕಾದ 50 ಮಿ.ಮೀ. ಲೆನ್ಸಿನಲ್ಲಿ. ನಾನು ಈಗ ಚಪ್ಪರ ಹಾಕುವ ದಿನವೇ ಹೋಗುತ್ತೇನೆ. ಬಳೆ ಶಾಸ್ತ್ರಕ್ಕೆ ಮಹಿಳೆಯರು ಕೂತಾಗ 35 ಮಿ.ಮೀ. ಹಾಕಿಕೊಂಡು ಅವರ ಜೊತೆಯೇ ಚಾಪೆಯ ಮೇಲೆ ಕೂರುತ್ತೇನೆ. ಮೊದಲ ಅರ್ಧ ಗಂಟೆ ಎಲ್ಲರೂ ನೋಡಿ ನಗುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ. ಆ ಚಿತ್ರಗಳನ್ನೂ ತೆಗೆಯುತ್ತೇನೆ, ಇಲ್ಲವಾದರೆ ಕಾಯುತ್ತಿದ್ದಾನೆ ಎಂದು ತಿಳಿದುಬಿಡುತ್ತದೆ. ಅವರದೇ ಪಂಕ್ತಿಯಲ್ಲಿ ಊಟ ಮಾಡುತ್ತೇನೆ. ಮರುದಿನ ಮುಹೂರ್ತಕ್ಕೆ ಮಂಟಪದ ಪಕ್ಕದಲ್ಲಿ ಮಂಡಿಯೂರಿ ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ಪುರೋಹಿತರಿಗೆ ಬೆಳಿಗ್ಗೆಯೇ ನಮಸ್ಕರಿಸಿ ನಾನು ಎಲ್ಲಿ ಕೂರುತ್ತೇನೆಂದು ಹೇಳಿರುತ್ತೇನೆ. ಎಷ್ಟೋ ಸಲ ಅವರೇ ವಧೂವರರನ್ನು ಇತ್ತ ತಿರುಗಿಸಿದ್ದಾರೆ. ವಿಡಿಯೊದವರ ಜೊತೆಗೂ ಜಾಗದ ಮಾತು ಆಗಲೇ ಮುಗಿಯಲಿ. ಮುಹೂರ್ತದ ಹೊತ್ತಿಗೆ ಜಗಳವಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಅವರ ಮನೆಯ ಶುಭಕಾರ್ಯ.

ಬಾಡಿಗೆಯ ಹಣದಲ್ಲಿ 70-200 ಬದಲು ಇನ್ನೊಂದು ಕ್ಯಾಮೆರಾ ಬಾಡಿ ತನ್ನಿ. ಅಕ್ಷತೆ ಹಾರುವಾಗ, ಹೋಮದ ಹೊಗೆಯಲ್ಲಿ ಲೆನ್ಸ್ ಬದಲಿಸುವಂತಿಲ್ಲ, ಅರಿಶಿನದ ಅಕ್ಕಿ ಒಳಗೆ ಹೋಗುತ್ತದೆ. ಫ್ಯೂಜಿ ಎಕ್ಸ್100 ಸರಣಿ ನನಗೆ ಬಹಳ ಇಷ್ಟ. ಲೆನ್ಸಿನೊಳಗೇ ಇದ್ದು ಇಡೀ ಚಿತ್ರಕ್ಕೆ ಒಟ್ಟಿಗೆ ತೆರೆಯುವ ಲೀಫ್ ಶಟರ್ ಆದ್ದರಿಂದ ಸದ್ದು ತೀರಾ ಕಡಿಮೆ, ಪಟ್ಟೆಯೂ ಬೀಳುವುದಿಲ್ಲ. ಆದರೆ ಮೆಮೊರಿ ಕಾರ್ಡ್ ಒಂದೇ, ಹಾಗಾಗಿ ಅದು ಎರಡನೆಯ ಕ್ಯಾಮೆರಾ ಮಾತ್ರ. ಒಂದು ಕೆಟ್ಟರೂ ಇನ್ನೊಂದರಲ್ಲಿ ಚಿತ್ರ ಉಳಿಯಲೆಂದು ಮುಹೂರ್ತಕ್ಕೆ ಎರಡು ಕಾರ್ಡಿನ ಬಾಡಿ ಕಡ್ಡಾಯ. ನಿಕಾನ್ ಝಡ್6 ತರುವುದಾದರೆ ಮೊದಲನೆಯದು ಬೇಡ, ಅದಕ್ಕೂ ಕಾರ್ಡ್ ಒಂದೇ, ಝಡ್6 II ತನ್ನಿ.

ಫ್ಲ್ಯಾಶ್ ಬೇಡವೆಂದು ಪೂರ್ತಿ ಬಿಟ್ಟು ಹೋಗಬೇಡಿ. ಊಟದ ಹಾಲಿನಲ್ಲಿ ಬಿಳಿ ತಾರಸಿ ಇದ್ದರೆ ಗೋಡಾಕ್ಸ್ ಫ್ಲ್ಯಾಶ್ ಒಂದನ್ನು ಮೇಲಕ್ಕೆ ತಿರುಗಿಸಿದರೆ ಸಾಕು. ಬಣ್ಣದ ಶಾಮಿಯಾನದ ಕೆಳಗೆ ಮುಖವೆಲ್ಲ ಕೆಂಪಾಗುತ್ತದೆ, ಸಾಧ್ಯವಾದಷ್ಟು ಅಂಚಿಗೆ ಬಂದವರನ್ನು ತೆಗೆಯಿರಿ, ಬಣ್ಣ ಆಮೇಲೆ ಸರಿಪಡಿಸಿಕೊಳ್ಳಲು ರಾ (RAW) ಕಡತದಲ್ಲಿ ತೆಗೆಯುವುದನ್ನು ಮರೆಯಬೇಡಿ. ಎಸ್ಟೇಟ್ ಮನೆಯಾದರೆ ಎಸಿ ಕಾರಿನಿಂದ ಇಳಿದ ಕೂಡಲೇ ಚೀಲ ತೆರೆಯಬೇಡಿ, ಗಾಜೆಲ್ಲ ಮಂಜಾಗುತ್ತದೆ. ಇಪ್ಪತ್ತು ನಿಮಿಷ ಜಿಪ್ ಹಾಕಿಯೇ ಇಡಿ.

ಇನ್ನೊಂದು. ಸಹಜ ಚಿತ್ರ ಎಂದು ಗುಂಪು ಫೋಟೊಗಳನ್ನು ಬಿಟ್ಟುಬಿಡಬೇಡಿ. ಆಲ್ಬಮ್ ಬಂದಾಗ ಮನೆಯವರು ಮೊದಲು ಹುಡುಕುವುದು ಅಜ್ಜ, ಅಜ್ಜಿ, ಸೋದರಮಾವ ಸಾಲಾಗಿ ನಿಂತ ಚಿತ್ರವನ್ನು. ಧಾರೆ ಮುಗಿದು ಊಟಕ್ಕೆ ಏಳುವ ಮುನ್ನ ಅರ್ಧ ಗಂಟೆ ಅದಕ್ಕೇ ಇಡಿ, ಹೆಸರುಗಳ ಪಟ್ಟಿಯನ್ನು ಸ್ನೇಹಿತನ ಅಕ್ಕನ ಹತ್ತಿರ ಇಂದೇ ಬರೆಸಿಕೊಳ್ಳಿ. ಮದುವೆಯ ದಿನ ಅವರಿಗೆ ಪುರುಸೊತ್ತು ಇರುವುದಿಲ್ಲ.